ಎಲೆಕ್ಟ್ರಾನಿಕ್ ತಂಬೂರಿಯ ಗುಂಯ್‌ಸದ್ದು: ಒಂದು ಕೆಪಾಸಿಟರ್ ಬದಲಿಸುವಾಗ ಕಲಿತದ್ದು

ಸವಾಯಿ ಗಂಧರ್ವರೆಂದು ಖ್ಯಾತರಾದ ರಾಮಭಾವು ಕುಂದಗೋಳಕರ (1886–1952) ಅವರ ಊರೂ, ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಗಾಯನ ಕಲಿತ ಊರೂ ಆದ ಕುಂದಗೋಳದಲ್ಲಿ ಶ್ರುತಿಯ ಬಗೆಗಿನ ಎಚ್ಚರ ಇಂದಿಗೂ ಮಾಸಿಲ್ಲ. ಬೆಂಗಳೂರಿನ ಜಿ. ರಾಜನಾರಾಯಣ್ ಅವರು 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದ ಮೇಲೆ ಮನೆಯ ರಿಯಾಜಿಗೆ ಇಂಥ ಪೆಟ್ಟಿಗೆಗಳು ವ್ಯಾಪಕವಾಗಿ ಬಳಕೆಗೆ ಬಂದುದರಿಂದ, ಅವುಗಳ ದುರಸ್ತಿಯು ವಿದ್ಯುತ್ತಿನ ಕೆಲಸವಾಗಿರುವಷ್ಟೇ ಸಂಗೀತದ ಕೆಲಸವೂ ಆಗಿದೆ.

ಹಳೆಯ ಪೆಟ್ಟಿಗೆಗಳಲ್ಲಿ ಪದೇಪದೇ ಕಾಣುವ ದೋಷವೆಂದರೆ ನಾದದ ಅಡಿಯಲ್ಲಿ ಬಿಡದೆ ಕೇಳಿಸುವ ಗುಂಯ್‌ಸದ್ದು. ಟ್ರಾನ್ಸ್‌ಫಾರ್ಮರಿನಿಂದ ಬಂದ ಪರ್ಯಾಯ ವಿದ್ಯುತ್ತನ್ನು ನಾಲ್ಕು ಡಯೋಡುಗಳು ಒಂದೇ ದಿಕ್ಕಿಗೆ ತಿರುಗಿಸುತ್ತವೆ. ಆಗಲೂ ಉಳಿಯುವ ಏರಿಳಿತವನ್ನು ಸಮಗೊಳಿಸುವುದು ಫಿಲ್ಟರ್ ಕೆಪಾಸಿಟರ್, ಅಂದರೆ ವಿದ್ಯುದಾವೇಶವನ್ನು ಹಿಡಿದಿಟ್ಟು ಬೇಕಾದಾಗ ಬಿಟ್ಟುಕೊಡುವ ಬಿಡಿಭಾಗ. ಅದರೊಳಗಿನ ದ್ರವ ವರ್ಷಗಳ ಕಾವಿಗೆ ಒಣಗಿದಾಗ ಏರಿಳಿತವು ಸೆಕೆಂಡಿಗೆ 100 ಬಾರಿ ಧ್ವನಿಯೊಳಗೆ ನುಸುಳುತ್ತದೆ. ಗಾಯಕರು ಸಾಮಾನ್ಯವಾಗಿ ಹಿಡಿಯುವ ಕಪ್ಪು ಒಂದರ ಶ್ರುತಿಯಲ್ಲಿ ಮಂದ್ರ ಪಂಚಮವು ಸುಮಾರು 103.8 ಹರ್ಟ್ಸ್ ಆಗಿರುವುದರಿಂದ, ಈ 100 ಹರ್ಟ್ಸಿನ ಸದ್ದು ತಂಬೂರಿಯ ಮೊದಲ ತಂತಿಗೇ ತಗ್ಗಿದ ಪಂಚಮವಾಗಿ ಅಡ್ಡ ನಿಲ್ಲುತ್ತದೆ. ಹೀಗಾಗಿ ದೋಷವನ್ನು ಮೀಟರಿಗಿಂತ ಮೊದಲು ಗುರುತಿಸುವವರು ಹಾಡುವವರೇ. ಅವರ ದೂರನ್ನು ದುರಸ್ತಿಗಾರರು ಅಳತೆಯಷ್ಟೇ ಗೌರವದಿಂದ ಕೇಳತಕ್ಕದ್ದು.

ಬ್ಯಾಟರಿಯಲ್ಲಿಯೂ ನಡೆಯುವ ಪೆಟ್ಟಿಗೆಯಾದರೆ ಅದನ್ನು ಬ್ಯಾಟರಿಗೆ ಜೋಡಿಸಿ ಕೇಳುವುದೇ ಸರಳ ಪರೀಕ್ಷೆ: ಸದ್ದು ಅಡಗಿದರೆ ದೋಷ ವಿದ್ಯುತ್ ಪೂರೈಕೆಯ ಭಾಗದಲ್ಲಿದೆ. ಕೆಪಾಸಿಟರಿನ ತಲೆ ಉಬ್ಬಿದ್ದರೆ ಸಂದೇಹಕ್ಕೆ ಎಡೆಯಿಲ್ಲ, ಆದರೆ ಉಬ್ಬದೆಯೂ ಅದು ಸತ್ತ್ವ ಕಳೆದುಕೊಂಡಿರಬಹುದು. ಡಯೋಡೊಂದು ಕೆಟ್ಟಿದ್ದರೆ ಅಥವಾ ಬೆಸುಗೆ ಬಿರುಕು ಬಿಟ್ಟಿದ್ದರೆ ಹೊಸ ಕೆಪಾಸಿಟರ್ ಹಾಕಿದ ಮೇಲೂ ಸದ್ದು ಉಳಿಯುತ್ತದೆ. ಬಿಡಿಭಾಗವನ್ನು ಕೀಳುವ ಮುನ್ನ ಕಾರಣವನ್ನು ಖಚಿತಪಡಿಸಿಕೊಳ್ಳಬೇಕೆಂಬುದು ಈ ಲೇಖಕನ ಅನುಭವ ಕಲಿಸಿದ ಮುಖ್ಯ ಪಾಠ.

ಹೊಸದನ್ನು ಆರಿಸುವಾಗ ಮೈಕ್ರೋಫ್ಯಾರಡ್ ಸಂಖ್ಯೆಯೊಂದನ್ನೇ ನೋಡಿದರೆ ಸಾಲದು. 12 ವೋಲ್ಟಿನ ಟ್ರಾನ್ಸ್‌ಫಾರ್ಮರಿನ ಪರ್ಯಾಯ ವಿದ್ಯುತ್ತಿನ ಶಿಖರವು ಸುಮಾರು 17 ವೋಲ್ಟನ್ನು ಮುಟ್ಟುತ್ತದೆ, ಹೊಲದ ಪಂಪ್‌ಸೆಟ್‌ಗಳು ನಿಂತ ಹೊತ್ತಿನಲ್ಲಿ ಹಳ್ಳಿಯ ಮಾರ್ಗದ ವೋಲ್ಟೇಜ್ ಏರಿದರೆ ಇನ್ನೂ ಮೇಲಕ್ಕೆ ಹೋಗುತ್ತದೆ. ಆದ್ದರಿಂದ ಅಲ್ಲಿ 16 ವೋಲ್ಟಿನದು ಸಲ್ಲದು, 25 ವೋಲ್ಟಿನದು ಬೇಕು. ಕಾವು 10 ಡಿಗ್ರಿ ತಗ್ಗಿದರೆ ಈ ಬಗೆಯ ಕೆಪಾಸಿಟರಿನ ಆಯುಸ್ಸು ಸುಮಾರು ಇಮ್ಮಡಿಯಾಗುವುದೆಂಬುದು ಒಪ್ಪಿತವಾದ ಅಂದಾಜಾದುದರಿಂದ, ಎರೆಭೂಮಿಯ ಬೇಸಗೆಯಲ್ಲಿ ಮುಚ್ಚಿದ ಪೆಟ್ಟಿಗೆಯೊಳಗೆ ಬಾಳಬೇಕಾದುದಕ್ಕೆ 85 ಡಿಗ್ರಿಯದಕ್ಕಿಂತ 105 ಡಿಗ್ರಿ ಸೆಲ್ಸಿಯಸ್ ನಮೂದಿಸಿದ್ದೇ ಲೇಸು.

ಕೀಳುವುದೇ ಹೆಚ್ಚು ಸೂಕ್ಷ್ಮವಾದ ಕೆಲಸ. ಪ್ಲಗ್ ತೆಗೆದು, ಹಳೆಯದರಲ್ಲಿ ಉಳಿದ ಆವೇಶವನ್ನು ರೆಸಿಸ್ಟರ್ ಮೂಲಕ ಹರಿಯಬಿಟ್ಟು, ಅದರ ಋಣ ಕಾಲು ಯಾವ ಕಡೆಗಿತ್ತೆಂದು ಬರೆದಿಟ್ಟುಕೊಂಡ ಬಳಿಕವೇ ಬೆಸುಗೆ ಕರಗಿಸಬೇಕು. ತವರ–ಸೀಸದ 63:37 ಮಿಶ್ರಣ 183 ಡಿಗ್ರಿಯಲ್ಲಿ ಕರಗಿದರೆ ಸೀಸರಹಿತ ಬೆಸುಗೆಗೆ ಸುಮಾರು 217 ಡಿಗ್ರಿಯಾದರೂ ಬೇಕು. ಒಣಗಿದ ಹಳೆಯ ಬೆಸುಗೆಯ ಮೇಲೆ ಸ್ವಲ್ಪ ಹೊಸ ಬೆಸುಗೆಯನ್ನೂ ಫ್ಲಕ್ಸನ್ನೂ, ಎಂದರೆ ಲೋಹದ ಮೇಲಿನ ತುಕ್ಕನ್ನು ಕಳೆಯುವ ರಾಳದಂಥ ಪದಾರ್ಥವನ್ನೂ ಸೇರಿಸಿದರೆ ಅದು ಬೇಗ ಕರಗಿ ಡಿಸೋಲ್ಡರ್ ಪಂಪಿನೊಳಗೆ ಸೆಳೆದುಬರುತ್ತದೆ. ಕಾದ ಐರನ್ನನ್ನು ಒತ್ತಿ ಹಿಡಿದರೆ ಅಥವಾ ಕರಗದ ಕಾಲನ್ನು ಜಗ್ಗಿದರೆ ಬೋರ್ಡಿಗೆ ಅಂಟಿದ ತಾಮ್ರದ ಹಾದಿ, ಅಂದರೆ ದುರಸ್ತಿಗಾರರ ಮಾತಿನ ಪ್ರಿಂಟು, ಎದ್ದುಬರುತ್ತದೆ. ಕೆಪಾಸಿಟರ್ ಪೇಟೆಯಲ್ಲಿ ಸಿಕ್ಕುತ್ತದೆ, ಪ್ರಿಂಟು ಸಿಕ್ಕುವುದಿಲ್ಲ.

ಮೈಮೇಲಿನ ಪಟ್ಟಿ ಋಣ ಕಾಲನ್ನು ತೋರಿಸುತ್ತದೆ. ತಿರುವುಮುರುವಾದರೆ ಕೆಪಾಸಿಟರ್ ಕಾದು ಸಿಡಿಯಬಹುದು. ಜೋಡಿಸಿದ ಮೇಲೆ ಪೆಟ್ಟಿಗೆಯನ್ನು ಒಂದು ತಾಸಾದರೂ ನಡೆಸಿ, ಸಾಧ್ಯವಾದರೆ ಹಾಡುವವರ ಎದುರಿಗೇ ಕೇಳಿಸಿ ಒಪ್ಪಿಸುವುದು ಒಳ್ಳೆಯ ಪದ್ಧತಿ.

ಇಂಥ ದೋಷಕ್ಕೆ ಇಡೀ ಬೋರ್ಡನ್ನು ಬದಲಿಸಿರೆಂಬ ಅಥವಾ ಪೆಟ್ಟಿಗೆಯನ್ನೇ ಎಸೆಯಿರೆಂಬ ಸಲಹೆ ಒಪ್ಪತಕ್ಕದ್ದಲ್ಲ. ಗುಂಯ್‌ಗುಡುವ ತಂಬೂರಿ ಪೆಟ್ಟಿಗೆ ಮನೆಯಲ್ಲಿದ್ದರೆ ಓದುಗರು ಅದನ್ನು ಗುಜರಿಗೆ ಹಾಕುವ ಮುನ್ನ ಒಮ್ಮೆ ಬ್ಯಾಟರಿಯಲ್ಲಿ ನಡೆಸಿ ನೋಡಲಿ, ಸದ್ದು ನಿಂತರೆ ಹತ್ತಿರದ ದುರಸ್ತಿ ಅಂಗಡಿಗೆ ಒಯ್ಯಲಿ.