ಕೈಪಿಡಿಯ ಉದಾಹರಣೆಯೂ ತಾಳೆಯಾಗಬೇಕು: ತಂತ್ರಾಂಶ ಬಳಸುವ ವರ್ತಕರಿಗೆ ಒಂದು ಪರೀಕ್ಷಾಕ್ರಮದ ಪರಿಚಯ

ವ್ಯಾಪಾರದಲ್ಲಿ ತಾಳೆ ನೋಡದೆ ಒಪ್ಪುವ ಲೆಕ್ಕ ಯಾವುದೂ ಇಲ್ಲ. ನಗದು ಪುಸ್ತಕವನ್ನು ಬ್ಯಾಂಕಿನ ಪಾಸ್ ಪುಸ್ತಕದೊಡನೆ, ದಾಸ್ತಾನು ವಹಿಯನ್ನು ಗೋದಾಮಿನ ಸರಕಿನೊಡನೆ, ಖರೀದಿ ಬಿಲ್ಲನ್ನು ಸರಕಿನ ರಸೀತಿಯೊಡನೆ ಹೋಲಿಸಿ ನೋಡುವುದು ತಲೆಮಾರುಗಳಿಂದ ನಡೆದು ಬಂದ ಪದ್ಧತಿ. ಆದರೆ ಬಿಲ್ಲಿಂಗ್ ತಂತ್ರಾಂಶದೊಡನೆ ಬರುವ ಕೈಪಿಡಿಯನ್ನು ಮಾತ್ರ ಯಾರೂ ತಾಳೆ ನೋಡುವುದಿಲ್ಲ. ಅಚ್ಚಾಗಿ ಬಂದದ್ದು ಸರಿಯಾಗಿಯೇ ಇರುತ್ತದೆ ಎಂಬ ನಂಬಿಕೆ ಅದಕ್ಕೆ ಕಾರಣ. ಅಂಗಡಿಗೆ ಹೊಸದಾಗಿ ಸೇರಿದ ಗುಮಾಸ್ತ ಕೈಪಿಡಿಯ ವಿವರಣೆಯನ್ನು ಓದುವುದು ಕಡಿಮೆ. ಅವನು ನೇರವಾಗಿ ಉದಾಹರಣೆಯನ್ನು ನೋಡಿ ಅದರಂತೆ ಮಾಡುತ್ತಾನೆ. ಆದುದರಿಂದ ಕೈಪಿಡಿಯ ಒಂದು ತಪ್ಪು ಉದಾಹರಣೆ ಹತ್ತು ಪುಟಗಳ ಸರಿಯಾದ ವಿವರಣೆಯನ್ನು ವ್ಯರ್ಥಗೊಳಿಸಬಲ್ಲದು.

ತಂತ್ರಾಂಶ ಬರೆಯುವವರು ಈ ತೊಂದರೆಯನ್ನು ಬಹಳ ಹಿಂದೆಯೇ ಗುರುತಿಸಿದ್ದಾರೆ. ಕೈಪಿಡಿಯಲ್ಲಿರುವ ಉದಾಹರಣೆಗಳನ್ನೇ ಗಣಕಯಂತ್ರದಿಂದ ನಡೆಸಿ, ಅಚ್ಚಾದ ಉತ್ತರವೂ ನಿಜವಾದ ಉತ್ತರವೂ ಒಂದೇ ಆಗಿವೆಯೇ ಎಂದು ಪರೀಕ್ಷಿಸುವ ಕ್ರಮವೊಂದು ಅವರಲ್ಲಿ ರೂಢಿಯಲ್ಲಿದೆ. ಅದರ ತಿರುಳು ಲೆಕ್ಕ ಬಲ್ಲವರಿಗೆ ಹೊಸದೇನಲ್ಲ.

ಉದಾಹರಣೆ ಹಳತಾಗುವುದು ಹೇಗೆ?

ತಂತ್ರಾಂಶವನ್ನು ಬರೆಯುವ ಕೈ ಒಂದು, ಕೈಪಿಡಿಯನ್ನು ಬರೆಯುವ ಕೈ ಸಾಮಾನ್ಯವಾಗಿ ಇನ್ನೊಂದು. ತಂತ್ರಾಂಶ ಆಗಾಗ ಪರಿಷ್ಕೃತವಾಗುತ್ತದೆ. ಕೈಪಿಡಿ ಹಾಗೆಯೇ ಉಳಿಯುತ್ತದೆ. ಅಂಗಡಿಯ ದರ ಬದಲಾದ ಮೇಲೂ ಗೋಡೆಯ ಮೇಲೆ ಹಳೆಯ ದರಪಟ್ಟಿ ತೂಗುತ್ತಿರುವ ಹಾಗೆ.

ಸಿದ್ಧ ಉಡುಪಿನ ತೆರಿಗೆಯನ್ನೇ ನೋಡಬಹುದು. 2017ರಲ್ಲಿ ಜಿಎಸ್‌ಟಿ ಜಾರಿಯಾದಂದಿನಿಂದ ಪ್ರತಿ ನಗಕ್ಕೆ 1,000 ರೂಪಾಯಿ ಮೀರದ ಉಡುಪಿಗೆ ಶೇಕಡಾ 5, ಮೀರಿದುದಕ್ಕೆ ಶೇಕಡಾ 12 ದರವಿತ್ತು. 2025ರ ಸೆಪ್ಟೆಂಬರ್ 22ರಿಂದ ಈ ಗೆರೆ 2,500 ರೂಪಾಯಿಗೆ ಸರಿಯಿತು. ಅದನ್ನು ಮೀರದ ಉಡುಪಿಗೆ ಶೇಕಡಾ 5, ಮೀರಿದುದಕ್ಕೆ ಶೇಕಡಾ 18 ಎಂದಾಯಿತು. ಜೀನ್ಸ್ ಉಡುಪಿಗೆ ಹೆಸರಾದ ಬಳ್ಳಾರಿಯ ತಯಾರಕರೊಬ್ಬರ ಬಳಿ ಇರುವ ತಂತ್ರಾಂಶ ಹೊಸ ದರಕ್ಕೆ ಸರಿಯಾಗಿ ಪರಿಷ್ಕೃತವಾಗಿದೆ, ಕೈಪಿಡಿ ಮಾತ್ರ ಹಳೆಯದು ಎಂದಿಟ್ಟುಕೊಳ್ಳಬಹುದು. ಕೈಪಿಡಿಯಲ್ಲಿ ‘ಬೆಲೆ 3,000, ತೆರಿಗೆ 360’ ಎಂಬ ಉದಾಹರಣೆ ಇದೆ. ತಂತ್ರಾಂಶ 540 ತೋರಿಸಿದಾಗ ಗುಮಾಸ್ತ ಏನು ಮಾಡುತ್ತಾನೆ? ಯಂತ್ರವೇ ತಪ್ಪಿದೆ ಎಂದು ಭಾವಿಸಿ, ಸರಕಿನ ವಿವರದಲ್ಲಿ ದರವನ್ನು 12ಕ್ಕೆ ‘ಸರಿಪಡಿಸು’ತ್ತಾನೆ. ಸರಿಯಾಗಿದ್ದ ಲೆಕ್ಕ ಕೈಪಿಡಿಯ ದೆಸೆಯಿಂದ ಕೆಡುತ್ತದೆ.

ಇದರ ಹೊರೆ ಸಣ್ಣದಲ್ಲ. ಇಂಥ 1,000 ಉಡುಪುಗಳು ಮಾರಾಟವಾದರೆ ಮೌಲ್ಯ 30 ಲಕ್ಷ ರೂಪಾಯಿ. ಸಲ್ಲಬೇಕಾದ ತೆರಿಗೆ 5,40,000. ಬಿಲ್ಲಿನಲ್ಲಿ ವಸೂಲಾದದ್ದು 3,60,000. ಕೊರತೆ 1,80,000 ರೂಪಾಯಿ. ಜಿಎಸ್‌ಟಿ ಕಾಯಿದೆಯ 50ನೆಯ ಕಲಮಿನ ಪ್ರಕಾರ ವಾರ್ಷಿಕ ಶೇಕಡಾ 18ರ ಬಡ್ಡಿಯೂ ಸೇರಿ ಆರು ತಿಂಗಳಿಗೆ 16,200 ರೂಪಾಯಿ ಹೆಚ್ಚುತ್ತದೆ. ಮಾಲು ಕೊಂಡವರ ಬಳಿ ಮತ್ತೆ ಹೋಗಿ ಈ ಹಣ ಕೇಳುವುದು ಎಷ್ಟು ಕಷ್ಟವೆಂಬುದು ವ್ಯಾಪಾರ ಮಾಡುವ ಪ್ರತಿಯೊಬ್ಬರಿಗೂ ಗೊತ್ತು. ಎದುರು ದಿಕ್ಕಿನ ತಪ್ಪೂ ಲಾಭವಲ್ಲ. 2,000 ರೂಪಾಯಿಯ ಉಡುಪಿಗೆ 100ರ ಬದಲು ಹಳೆಯ ಲೆಕ್ಕದ 240 ವಸೂಲು ಮಾಡಿದರೆ, ತೆರಿಗೆಯೆಂದು ಪಡೆದ ಹಣ 76ನೆಯ ಕಲಮಿನಂತೆ ಸರ್ಕಾರಕ್ಕೇ ಸಲ್ಲಬೇಕು. ಗಿರಾಕಿ ಮಾತ್ರ ಪಕ್ಕದ ಅಂಗಡಿಗೆ ಹೋಗಿರುತ್ತಾನೆ.

ಡಾಕ್‌ಟೆಸ್ಟ್ ಎಂಬ ಸಾಧನ

ಪೈಥಾನ್ ಎಂಬ ಗಣಕಭಾಷೆಯನ್ನು ಗೀಡೋ ವಾನ್ ರೋಸಮ್ ಅವರು ರೂಪಿಸಿದರು. ಅದು 1991ರಲ್ಲಿ ಮೊದಲು ಬಿಡುಗಡೆಯಾಯಿತು. ಟಿಮ್ ಪೀಟರ್ಸ್ ಅವರು ರಚಿಸಿದ ಡಾಕ್‌ಟೆಸ್ಟ್ ಎಂಬ ಸಾಧನ 2001ರಲ್ಲಿ ಬಂದ ಪೈಥಾನ್ 2.1ರಲ್ಲಿ ಸೇರ್ಪಡೆಯಾಯಿತು. ಅದರ ಕೆಲಸ ಸರಳ. ಕೈಪಿಡಿಯ ಪಠ್ಯದಲ್ಲಿ ಮೂರು ಬಾಣದ ಗುರುತಿನಿಂದ ಆರಂಭವಾಗುವ ಸಾಲುಗಳನ್ನು ಅದು ಹುಡುಕುತ್ತದೆ. ಆ ಸಾಲಿನ ಆಜ್ಞೆಯನ್ನು ನಿಜವಾಗಿಯೂ ನಡೆಸುತ್ತದೆ. ಬಂದ ಉತ್ತರವನ್ನು ಕೆಳಗೆ ಬರೆದಿರುವ ಉತ್ತರದೊಡನೆ ಅಕ್ಷರಕ್ಕೆ ಅಕ್ಷರ ಹೋಲಿಸುತ್ತದೆ. ಎರಡೂ ಒಂದೇ ಆದರೆ ಅದು ಮೌನವಾಗಿರುತ್ತದೆ. ವ್ಯತ್ಯಾಸ ಕಂಡರೆ ‘ನಿರೀಕ್ಷಿಸಿದ್ದು ಇದು, ದೊರೆತದ್ದು ಇದು’ ಎಂದು ಎರಡನ್ನೂ ಮುದ್ರಿಸಿ ಸಾಲಿನ ಸಂಖ್ಯೆಯನ್ನೂ ಕೊಡುತ್ತದೆ.

ಪೈಥಾನ್ 3ರಲ್ಲಿ ಹೆಸರುಗಳನ್ನು ಕನ್ನಡ ಲಿಪಿಯಲ್ಲಿಯೇ ಬರೆಯಲು ಅವಕಾಶವಿದೆ. ಆದುದರಿಂದ ಮೇಲಿನ ಉಡುಪಿನ ತೆರಿಗೆಯ ಉದಾಹರಣೆ ಕೈಪಿಡಿಯಲ್ಲಿ ಹೀಗಿರಬಹುದು:

>>> ತೆರಿಗೆ(2000)
100.0
>>> ತೆರಿಗೆ(2500)
125.0
>>> ತೆರಿಗೆ(2501)
450.18
>>> ತೆರಿಗೆ(3000)
540.0

ಇಲ್ಲಿ ಎರಡನೆಯ ಮತ್ತು ಮೂರನೆಯ ಸಾಲುಗಳು ಮುಖ್ಯ. ‘ಮೀರದ’ ಎಂದರೆ 2,500 ರೂಪಾಯಿಯ ಉಡುಪು ಶೇಕಡಾ 5ರಲ್ಲಿಯೇ ಉಳಿಯುತ್ತದೆ. ಒಂದು ರೂಪಾಯಿ ಹೆಚ್ಚಾದರೆ ಶೇಕಡಾ 18ಕ್ಕೆ ಏರುತ್ತದೆ. ತಂತ್ರಾಂಶ ಬರೆದವನು ‘2,500ಕ್ಕಿಂತ ಕಡಿಮೆ’ ಎಂದು ತಿಳಿದಿದ್ದರೆ 125ರ ಬದಲು 450 ಎಂಬ ಉತ್ತರ ಬಂದು ತಪ್ಪು ತಕ್ಷಣ ಬಯಲಾಗುತ್ತದೆ. ಗೆರೆಯ ಮೇಲಿನ ಮೊತ್ತವನ್ನೂ ಗೆರೆಯನ್ನು ಆಗಷ್ಟೇ ದಾಟಿದ ಮೊತ್ತವನ್ನೂ ಉದಾಹರಣೆಯಾಗಿ ಇಡದ ಕೈಪಿಡಿ ಅರ್ಧ ಕೈಪಿಡಿ ಮಾತ್ರ.

ಐವತ್ತು ಪೈಸೆಯ ಪಾಠ

ದರ ಬದಲಾಗದಿದ್ದರೂ ಉದಾಹರಣೆ ಸುಳ್ಳಾಗಬಹುದು ಎಂಬುದಕ್ಕೆ ಪೈಥಾನ್ ಭಾಷೆಯೇ ಸಾಕ್ಷಿ. ಪೂರ್ಣಾಂಕಕ್ಕೆ ತರುವ ‘ರೌಂಡ್’ ಎಂಬ ಆಜ್ಞೆಗೆ 22.5 ಕೊಟ್ಟರೆ ಪೈಥಾನ್ 2ರಲ್ಲಿ 23.0 ಎಂಬ ಉತ್ತರ ಬರುತ್ತಿತ್ತು. 2008ರಲ್ಲಿ ಬಂದ ಪೈಥಾನ್ 3ರಲ್ಲಿ ಅದೇ ಆಜ್ಞೆಗೆ 22 ಎಂಬ ಉತ್ತರ ಬರುತ್ತದೆ. ಹೊಸ ಕ್ರಮದಲ್ಲಿ ಸರಿಯಾಗಿ ಅರ್ಧ ಉಳಿದಾಗ ಹತ್ತಿರದ ಸಮಸಂಖ್ಯೆಗೆ ತರಲಾಗುತ್ತದೆ; ಆದುದರಿಂದ 23.5 ಕೊಟ್ಟರೆ 24 ಬರುತ್ತದೆ, 22.5 ಕೊಟ್ಟರೆ 22. ಸಾವಿರಾರು ಅಂಕಿಗಳನ್ನು ಕೂಡುವಾಗ ಮೊತ್ತ ಒಂದೇ ಕಡೆಗೆ ವಾಲದಿರಲಿ ಎಂಬುದು ಈ ಕ್ರಮದ ಉದ್ದೇಶ. ಲೆಕ್ಕಶಾಸ್ತ್ರದ ದೃಷ್ಟಿಯಿಂದ ಅದು ತಪ್ಪಲ್ಲ.

ಆದರೆ ಕಾಯಿದೆ ಬೇರೆ ಮಾತು ಹೇಳುತ್ತದೆ. ಜಿಎಸ್‌ಟಿ ಕಾಯಿದೆಯ 170ನೆಯ ಕಲಮಿನಂತೆ ಐವತ್ತು ಪೈಸೆ ಅಥವಾ ಅದಕ್ಕೆ ಮೇಲ್ಪಟ್ಟುದನ್ನು ಒಂದು ರೂಪಾಯಿಗೆ ಏರಿಸಬೇಕು, ಅದಕ್ಕಿಂತ ಕಡಿಮೆಯಾದುದನ್ನು ಬಿಡಬೇಕು. ಅಂದರೆ 22 ರೂಪಾಯಿ 50 ಪೈಸೆ ಯಾವಾಗಲೂ 23 ರೂಪಾಯಿಯೇ. ಹಳೆಯ ಪೈಥಾನ್‌ನಲ್ಲಿ ಕಾಯಿದೆಗೆ ಹೊಂದುತ್ತಿದ್ದ ಉದಾಹರಣೆ ಹೊಸದರಲ್ಲಿ ಹೊಂದುವುದಿಲ್ಲ. ಕೈಪಿಡಿಯ ಒಂದು ಅಕ್ಷರವೂ ಬದಲಾಗಿಲ್ಲ, ಕಾಯಿದೆಯೂ ಬದಲಾಗಿಲ್ಲ. ಕೆಳಗಿನ ನೆಲ ಬದಲಾಗಿದೆ. ಪೈಥಾನ್ 2ಕ್ಕೆ ಬೆಂಬಲ 2020ರ ಜನವರಿ 1ಕ್ಕೆ ಕೊನೆಗೊಂಡುದರಿಂದ ಹಳೆಯದರಲ್ಲಿಯೇ ಉಳಿಯುವುದೂ ಜಾಣತನವಲ್ಲ. 2004ರಲ್ಲಿ ಪೈಥಾನ್ 2.4ರೊಡನೆ ಬಂದ ‘ಡೆಸಿಮಲ್’ ಎಂಬ ಭಾಗದಲ್ಲಿ ಅರ್ಧವನ್ನು ಮೇಲಕ್ಕೇ ಏರಿಸುವಂತೆ ಆಜ್ಞಾಪಿಸಬಹುದು. ಆದರೆ ಹಾಗೆ ಮಾಡಬೇಕೆಂದು ತಿಳಿಯುವುದು ಉದಾಹರಣೆ ಪರೀಕ್ಷೆಯಲ್ಲಿ ವಿಫಲವಾದಾಗ ಮಾತ್ರ.

ಎಕ್ಸೆಲ್ ಬಳಸುವವರೂ ಇದರಿಂದ ಮುಕ್ತರಲ್ಲ. ಎಕ್ಸೆಲ್ ಹಾಳೆಯ ‘ರೌಂಡ್’ ಸೂತ್ರ 22.5ನ್ನು 23 ಮಾಡುತ್ತದೆ. ಅದೇ ಎಕ್ಸೆಲ್‌ನೊಳಗೆ ಮ್ಯಾಕ್ರೋ ಬರೆಯಲು ಬಳಸುವ ವಿಬಿಎ ಭಾಷೆಯ ‘ರೌಂಡ್’ 22 ಮಾಡುತ್ತದೆ. ಹೆಸರು ಒಂದೇ, ಕಡತ ಒಂದೇ, ಉತ್ತರ ಎರಡು. ತಿಂಗಳ ಕೊನೆಯಲ್ಲಿ ಒಂದು ರೂಪಾಯಿಯ ವ್ಯತ್ಯಾಸ ಹುಡುಕುತ್ತ ರಾತ್ರಿ ಕಳೆದವರಿಗೆ ಇದರ ಬೆಲೆ ತಿಳಿದಿದೆ.

ನಿರೀಕ್ಷಿತ ಉತ್ತರ ಎಲ್ಲಿಂದ ಬರಬೇಕು?

ಈ ಕ್ರಮದಲ್ಲಿ ಒಂದು ದೊಡ್ಡ ಅಪಾಯವಿದೆ. ಉದಾಹರಣೆ ಬರೆಯುವವನು ತಂತ್ರಾಂಶವನ್ನು ನಡೆಸಿ, ಬಂದ ಉತ್ತರವನ್ನೇ ನಕಲು ಮಾಡಿ ಕೈಪಿಡಿಯಲ್ಲಿ ಅಂಟಿಸಿದರೆ ಪರೀಕ್ಷೆ ಯಾವಾಗಲೂ ತೇರ್ಗಡೆಯಾಗುತ್ತದೆ. ತಂತ್ರಾಂಶ 12ರ ದರದಲ್ಲಿ ತಪ್ಪಾಗಿ ಲೆಕ್ಕ ಹಾಕುತ್ತಿದ್ದರೆ ಕೈಪಿಡಿಯೂ 12ರಂತೆಯೇ ಹೇಳುತ್ತದೆ, ಎರಡೂ ತಾಳೆಯಾಗುತ್ತವೆ. ಲೆಕ್ಕಪರಿಶೋಧಕನು ಗಿರಾಕಿಯ ಪುಸ್ತಕವನ್ನು ಅದೇ ಪುಸ್ತಕದ ಪ್ರತಿಯೊಡನೆ ಹೋಲಿಸಿ ಸಹಿ ಹಾಕಿದ ಹಾಗೆ. ಬ್ಯಾಂಕಿನ ಶಿಲ್ಕನ್ನು ಬ್ಯಾಂಕಿನಿಂದಲೇ ದೃಢೀಕರಿಸಿಕೊಳ್ಳುವಂತೆ, ನಿರೀಕ್ಷಿತ ಉತ್ತರ ಅಧಿಸೂಚನೆಯನ್ನು ಓದಿ ಕೈಯಲ್ಲಿ ಹಾಕಿದ ಲೆಕ್ಕದಿಂದ ಬರಬೇಕು. ಡಾಕ್‌ಟೆಸ್ಟ್ ಹೇಳುವುದು ಕೈಪಿಡಿಯೂ ತಂತ್ರಾಂಶವೂ ಒಂದೇ ಮಾತು ಆಡುತ್ತಿವೆ ಎಂದು ಮಾತ್ರ. ಆ ಮಾತು ಕಾಯಿದೆಗೆ ಅನುಗುಣವಾಗಿದೆಯೇ ಎಂಬುದನ್ನು ಮನುಷ್ಯನೇ ಹೇಳಬೇಕು.

ಇತರ ಮಿತಿಗಳು

ಅಕ್ಷರಕ್ಕೆ ಅಕ್ಷರ ಹೋಲಿಸುವುದರಿಂದ, ಅರ್ಥ ಒಂದೇ ಆದರೂ ರೂಪ ಬೇರೆಯಾದರೆ ಪರೀಕ್ಷೆ ವಿಫಲವಾಗುತ್ತದೆ. ಪೈಥಾನ್‌ನಲ್ಲಿ 0.1 ಮತ್ತು 0.2 ಕೂಡಿದರೆ 0.30000000000000004 ಎಂದು ಕಾಣುತ್ತದೆ. ದ್ವಿಮಾನ ಪದ್ಧತಿಯಲ್ಲಿ ಈ ಭಿನ್ನಾಂಕಗಳನ್ನು ನಿಖರವಾಗಿ ಇಡಲಾಗದಿರುವುದೇ ಕಾರಣ. ‘ಇಂದಿನ ದಿನಾಂಕ’ ಮುದ್ರಿಸುವ ಉದಾಹರಣೆ ಮರುದಿನವೇ ತಪ್ಪಾಗುತ್ತದೆ. ಇಂಥ ಬದಲಾಗುವ ಭಾಗಕ್ಕೆ ಮೂರು ಚುಕ್ಕಿಯಿಟ್ಟು ಬಿಡುವ ಅವಕಾಶವೂ, ಉದಾಹರಣೆಯನ್ನೇ ಪರೀಕ್ಷೆಯಿಂದ ಹೊರಗಿಡುವ ಅವಕಾಶವೂ ಡಾಕ್‌ಟೆಸ್ಟ್‌ನಲ್ಲಿವೆ. ಆದರೆ ಹೊರಗಿಟ್ಟವುಗಳ ಎಣಿಕೆ ಇರಬೇಕು. ಇಲ್ಲವಾದರೆ ಅದು ಅನುಮಾನಾಸ್ಪದ ಖಾತೆಯಂತೆ ಬೆಳೆಯುತ್ತ ಹೋಗುತ್ತದೆ.

ಬೇರೆ ಭಾಷೆಗಳಲ್ಲಿಯೂ ಇದೇ ತತ್ತ್ವವಿದೆ. 2015ರಲ್ಲಿ ಮೊದಲ ಸ್ಥಿರ ಆವೃತ್ತಿ ಕಂಡ ರಸ್ಟ್ ಭಾಷೆಯಲ್ಲಿ ಕೈಪಿಡಿಯ ಉದಾಹರಣೆಗಳು ಸಾಮಾನ್ಯ ಪರೀಕ್ಷೆಗಳೊಡನೆ ತಾವಾಗಿಯೇ ನಡೆಯುತ್ತವೆ. ಗೋ ಭಾಷೆಯಲ್ಲಿ ಉದಾಹರಣೆಯ ಕೆಳಗೆ ನಿರೀಕ್ಷಿತ ಉತ್ತರ ಬರೆದಿದ್ದರೆ ಮಾತ್ರ ಅದನ್ನು ನಡೆಸಿ ಹೋಲಿಸಲಾಗುತ್ತದೆ. ಬರೆಯದಿದ್ದರೆ ವ್ಯಾಕರಣ ಸರಿಯಿದೆಯೇ ಎಂದು ನೋಡಿ ಬಿಡಲಾಗುತ್ತದೆ. ಆದುದರಿಂದ ‘ಉದಾಹರಣೆಗಳನ್ನು ಪರೀಕ್ಷಿಸಲಾಗಿದೆ’ ಎಂಬ ಭರವಸೆ ಕೇಳಿದಾಗ, ನಡೆಸಿ ನೋಡಿದ್ದಾರೆಯೇ ಎಂದು ಇನ್ನೊಮ್ಮೆ ಕೇಳುವುದು ಒಳಿತು.

ವರ್ತಕರು ಮಾಡಬಹುದಾದುದು

1. ತಂತ್ರಾಂಶ ಬರೆಸುವ ಕರಾರಿನಲ್ಲಿಯೇ, ಕೈಪಿಡಿಯ ಪ್ರತಿ ಉದಾಹರಣೆಯನ್ನೂ ಪ್ರತಿ ಪರಿಷ್ಕರಣೆಗೆ ಮುನ್ನ ನಡೆಸಿ ನೋಡಿ ಅದರ ವರದಿ ಕೊಡಬೇಕೆಂಬ ಷರತ್ತನ್ನು ಸೇರಿಸಬೇಕು. ಹೊರಗಿಟ್ಟ ಉದಾಹರಣೆಗಳ ಪಟ್ಟಿಯೂ ವರದಿಯಲ್ಲಿರಬೇಕು.

2. ಸಿದ್ಧ ತಂತ್ರಾಂಶ ಕೊಂಡವರು ಒಂದು ಎಕ್ಸೆಲ್ ಹಾಳೆ ಮಾಡಿಟ್ಟುಕೊಳ್ಳಬಹುದು. ಮೊದಲ ಅಂಕಣದಲ್ಲಿ ಬಿಲ್ಲಿನ ವಿವರ, ಎರಡನೆಯದರಲ್ಲಿ ಕೈಯಲ್ಲಿ ಹಾಕಿದ ಉತ್ತರ, ಮೂರನೆಯದರಲ್ಲಿ ತಂತ್ರಾಂಶ ಕೊಟ್ಟ ಉತ್ತರ, ನಾಲ್ಕನೆಯದರಲ್ಲಿ ವ್ಯತ್ಯಾಸ. ವ್ಯತ್ಯಾಸದ ಅಂಕಣ ಪೂರ್ತಿ ಸೊನ್ನೆಯಾಗಿರಬೇಕು.

3. ಮಾದರಿ ಬಿಲ್ಲುಗಳು ಹತ್ತರೊಳಗೆ ಇದ್ದರೆ ಸಾಕು. ಆದರೆ ದರದ ಗೆರೆಯ ಮೇಲಿನದು, ಗೆರೆ ದಾಟಿದುದು, ಸರಿಯಾಗಿ ಐವತ್ತು ಪೈಸೆಯಲ್ಲಿ ನಿಲ್ಲುವುದು, ಹೊರರಾಜ್ಯದ ಮಾರಾಟ, ವಾಪಸು ಬಂದ ಮಾಲು ಇವು ಇರಲೇಬೇಕು.

4. ಹೊಸ ಅಧಿಸೂಚನೆ ಬಂದಾಗ, ತಂತ್ರಾಂಶ ಪರಿಷ್ಕೃತವಾದಾಗ, ಏಪ್ರಿಲ್ ಒಂದರಂದು, ಈ ಮೂರು ಸಂದರ್ಭಗಳಲ್ಲಿ ಹಾಳೆಯನ್ನು ಮತ್ತೆ ನಡೆಸಿ ದಿನಾಂಕ ಹಾಕಿ ಇಡಬೇಕು.

5. ಕೈಪಿಡಿಗೂ ತಂತ್ರಾಂಶಕ್ಕೂ ವ್ಯತ್ಯಾಸ ಕಂಡರೆ ಗುಮಾಸ್ತ ತಾನಾಗಿ ದರ ತಿದ್ದದೆ ಮಾಲೀಕರಿಗೆ ತಿಳಿಸಬೇಕೆಂಬ ನಿಯಮ ಅಂಗಡಿಯಲ್ಲಿರಬೇಕು.

ಉದಾಹರಣೆ ಎಂಬುದು ಓದುಗನಿಗೆ ಕೊಟ್ಟ ಮಾತು: ‘ಹೀಗೆ ಮಾಡಿದರೆ ಹೀಗೆ ಬರುತ್ತದೆ’ ಎಂಬ ಮಾತು. ಆ ಮಾತು ಇಂದಿಗೂ ನಿಲ್ಲುತ್ತದೆಯೇ ಎಂದು ಗಣಕಯಂತ್ರದಿಂದ ಪ್ರತಿದಿನ ಕೇಳಿಸಬಹುದಾದ ಸೌಲಭ್ಯ ಎರಡು ದಶಕಗಳಿಂದ ಉಚಿತವಾಗಿ ಲಭ್ಯವಿದೆ. ತಕ್ಕಡಿಯನ್ನು ಕಾಲಕಾಲಕ್ಕೆ ಮುದ್ರೆ ಹಾಕಿಸುವ ವರ್ತಕರು, ಅದೇ ಶ್ರದ್ಧೆಯನ್ನು ಮೇಜಿನ ಮೇಲಿರುವ ಕೈಪಿಡಿಗೂ ತೋರಿದರೆ ಅನೇಕ ನೋಟೀಸುಗಳು ಅಂಗಡಿಯ ಬಾಗಿಲಿಗೆ ಬರುವ ಮುನ್ನವೇ ತಪ್ಪುತ್ತವೆ.