ಸರ್ಟಿಫಿಕೇಟು ಆಮೇಲೆ, ಮೊದಲು ಲೆಕ್ಕ

ಕಾರ್ಕಳದಿಂದ, ಕಾಪುವಿನಿಂದ ಮಣಿಪಾಲದ ಬಸ್ಸು ಹತ್ತುವ ಮಕ್ಕಳೇ, ನಿಮ್ಮ ಮೊಬೈಲಿನಲ್ಲಿ ಅರ್ಧಕ್ಕೆ ನಿಂತ ಆನ್‌ಲೈನ್ ಕೋರ್ಸುಗಳು ಎಷ್ಟಿವೆ? ಪೈಥಾನ್ ಒಂದಿಷ್ಟು, ಮಷೀನ್ ಲರ್ನಿಂಗ್ ಒಂದಿಷ್ಟು, ನಡುವೆ ಇಂಟರ್‌ವ್ಯೂ ಕೌಶಲ. ಅವನ್ನೆಲ್ಲ ಬದಿಗಿಟ್ಟು ಒಂದನ್ನು ಹಿಡಿಯಿರಿ. ಅದು ಸಂಖ್ಯಾಶಾಸ್ತ್ರವಾಗಿರಲಿ.

ದುಡ್ಡಿನ ಚಿಂತೆ ಬೇಡ. ಐಐಟಿಗಳೂ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ಕಟ್ಟಿದ ಎನ್‌ಪಿಟಿಇಎಲ್‌ನ ಪಾಠಗಳು ಪುಕ್ಕಟೆ. ಶುಲ್ಕ ಪರೀಕ್ಷೆಗೆ ಮಾತ್ರ. ವಾರವಾರದ ಅಸೈನ್‌ಮೆಂಟಿಗೆ 25 ಅಂಕ, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ 75. ಸುಮ್ಮನೆ ವಿಡಿಯೊ ಓಡಿಸಿದರೆ ಸರ್ಟಿಫಿಕೇಟು ಸಿಗುವುದಿಲ್ಲ, ಅದಕ್ಕೇ ಅದಕ್ಕೊಂದು ಬೆಲೆ. ‘ಕೆಲಸ ಗ್ಯಾರಂಟಿ, ಫೀಸು ಇಎಂಐನಲ್ಲಿ ಕಟ್ಟಿ’ ಎಂದು ಫೋನು ಮಾಡುವವರಿಗೆ ಮಾತ್ರ ಮನೆಯವರನ್ನು ಕೇಳದೆ ಹ್ಞೂಂ ಅನ್ನಬೇಡಿ.

ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ನಮ್ಮ ಉಡುಪಿಯ ಸಂಸ್ಥೆ 1928ರಲ್ಲಿ ಪಿಗ್ಮಿ ಉಳಿತಾಯ ಶುರು ಮಾಡಿದಾಗ ದಿನಕ್ಕೆ ಎರಡಾಣೆ ಕಟ್ಟಿದರೂ ಸಾಕಿತ್ತು. ಓದೂ ಹಾಗೆಯೇ ಜಮೆಯಾಗುತ್ತದೆ. ದಿನಕ್ಕೊಂದು ಗಂಟೆ ಸಾಕು, ಆದರೆ ಕೈಯಲ್ಲಿ ಪೆನ್ನು ಇರಬೇಕು.

ಲೆಕ್ಕಕ್ಕೆ ಊರಿನದ್ದೇ ಉದಾಹರಣೆ ಹಿಡಿಯಿರಿ. ಮಲ್ಪೆಯಲ್ಲಿ ಐದು ಬೋಟು ಬಂದವು ಅಂದುಕೊಳ್ಳಿ. ನಾಲ್ಕಕ್ಕೆ ತಲಾ 10 ಸಾವಿರ ರೂಪಾಯಿಯ ಮೀನು, ಐದನೆಯದಕ್ಕೆ 1 ಲಕ್ಷ 10 ಸಾವಿರದ್ದು. ಸರಾಸರಿ ತೆಗೆದರೆ ಬೋಟಿಗೆ 30 ಸಾವಿರ! ಸರಿಯಾಗಿ ಅಷ್ಟೇ ದುಡ್ಡು ಕಂಡ ಬೋಟು ಅಲ್ಲಿ ಒಂದೂ ಇಲ್ಲ. ಮಧ್ಯಾಂಕ, ಅಂದರೆ ಸಾಲಾಗಿ ಜೋಡಿಸಿದಾಗ ನಡುವೆ ಬರುವ ಅಂಕಿ ತೆಗೆಯಿರಿ, 10 ಸಾವಿರ ಬರುತ್ತದೆ. ದಕ್ಕೆಯಲ್ಲಿ ನಿಂತವರಿಗೆ ಗೊತ್ತಿರುವ ಸತ್ಯ ಅದು. ಇನ್ನೊಂದು ನೋಡಿ. ವರ್ಷದ ಮೀನಿನ ಪಟ್ಟಿಯಲ್ಲಿ ಜೂನ್, ಜುಲೈ ತಿಂಗಳ ಅಂಕಿ ನೆಲಕಚ್ಚಿರುತ್ತದೆ. ದೂರದಲ್ಲಿ ಕೂತವನು ಸಮುದ್ರದಲ್ಲಿ ಮೀನು ಮುಗಿಯಿತು ಎಂದು ಬರೆದಾನು. ಯಾಂತ್ರಿಕ ಬೋಟುಗಳಿಗೆ ಆ ಎರಡು ತಿಂಗಳು ನಿಷೇಧ, ಆಗ ಕಡಲಿಗಿಳಿಯುವುದು ನಾಡದೋಣಿ ಎಂಬುದು ಕಾಪುವಿನ ಹುಡುಗಿಗೆ ಯಾರೂ ಹೇಳಿಕೊಡಬೇಕಿಲ್ಲ. ಕೋರ್ಸು ಎಲ್ಲರಿಗೂ ಒಂದೇ. ಈ ತಿಳಿವಳಿಕೆ ನಿಮ್ಮದು ಮಾತ್ರ. ಡೇಟಾ ಸೈನ್ಸಿನ ಕೆಲಸದಲ್ಲಿ ಬೆಲೆ ಬರುವುದು ಇದಕ್ಕೇ ಎಂದು ನನ್ನ ನಂಬಿಕೆ.

ಸಾಫ್ಟ್‌ವೇರಿಗೂ ಖರ್ಚಿಲ್ಲ. ಆರ್, ಪೈಥಾನ್ ಎರಡೂ ಉಚಿತ. ವೃತ್ತಿಕೌಶಲಕ್ಕೆ ಬೇರೆ ಕೋರ್ಸು ಹುಡುಕುವ ಮೊದಲು, ನೀವು ಕಂಡುಕೊಂಡದ್ದನ್ನು ಮನೆಯಲ್ಲಿ ಅಮ್ಮನಿಗೆ ತುಳುವಿನಲ್ಲೋ ಕನ್ನಡದಲ್ಲೋ ನಾಲ್ಕು ಮಾತಿನಲ್ಲಿ ಹೇಳಿ ನೋಡಿ. ಅವರು ತಿರುಗಿ ಪ್ರಶ್ನೆ ಕೇಳಿದರೆ ನಿಮಗೆ ವಿಷಯ ದಕ್ಕಿದೆ. ತಲೆಯಾಡಿಸಿ ಅಡುಗೆಮನೆಗೆ ಹೋದರೆ ಪಾಠ ಇನ್ನೊಮ್ಮೆ ನೋಡಿ.

ಜುಲೈಯಲ್ಲಿ ಹೊಸ ಸೆಮಿಸ್ಟರಿನ ಕೋರ್ಸುಗಳು ಶುರುವಾಗುತ್ತವೆ. ಒಂದಕ್ಕೆ ಹೆಸರು ಕೊಡಿ, ಪರೀಕ್ಷೆಯ ತನಕ ಬಿಡಬೇಡಿ.