ಬೆನ್ನಿನ ನೀರು

ಪುಟ್ಟಿಗೆ ನಾಲ್ಕು ವರ್ಷ. ಎರಡು ದಿನದಿಂದ ಜೋರು ಜ್ವರ. "ಅವ್ವಾ, ತಲೆನೋವು" ಎಂದು ಅಳುತ್ತಿದ್ದಳು. ತಿಂದದ್ದೆಲ್ಲ ವಾಂತಿ. ಮೂರನೆಯ ದಿನ ಕತ್ತು ಬಗ್ಗಿಸಲು ಆಗಲಿಲ್ಲ. ಬೆಳಕು ಕಂಡರೆ ಕಣ್ಣು ಮುಚ್ಚಿಕೊಂಡಳು. ಕರೆದರೆ ಸರಿಯಾಗಿ ಓಗೊಡಲಿಲ್ಲ.

ಅವ್ವನಿಗೆ ಗಾಬರಿಯಾಯಿತು. 108ಕ್ಕೆ ಫೋನ್ ಮಾಡಿದಳು. ಅತ್ತೆಯ ಜೊತೆ ಮಗುವನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದಳು.

ಡಾಕ್ಟರಮ್ಮ ಮಗುವನ್ನು ನೋಡಿದರು. "ಮೆದುಳು ಜ್ವರ ಇರಬಹುದು. ಬೆನ್ನಿನ ನೀರು ತೆಗೆದು ಪರೀಕ್ಷೆ ಮಾಡಬೇಕು. ನಿಮ್ಮ ಒಪ್ಪಿಗೆ ಬೇಕು" ಎಂದರು.

ಅತ್ತೆ ಬೆಚ್ಚಿದರು. "ಬ್ಯಾಡ ಕಣಮ್ಮ! ಬೆನ್ನಿನ ನೀರು ತೆಗೆದ್ರೆ ಕಾಲು ಬಿದ್ದೋಗ್ತವಂತೆ."

ಅವ್ವ ಕಾಗದವನ್ನು ಕೈಗೆ ತೆಗೆದುಕೊಂಡಳು. ಮೊದಲಾಗಿದ್ದರೆ ಹೆಬ್ಬೆಟ್ಟು ಒತ್ತುತ್ತಿದ್ದಳು. ಇಲ್ಲವೇ ಹೆದರಿ ಮನೆಗೆ ಹೋಗುತ್ತಿದ್ದಳು. ಈಗ ಅಕ್ಷರ ಕೂಡಿಸಿ ಓದಿದಳು. "ಡಾಕ್ಟರಮ್ಮ, ಏನು ಮಾಡ್ತೀರ ಅಂತ ಹೇಳಿ. ತಿಳಕೊಂಡು ಸಹಿ ಹಾಕ್ತೀನಿ" ಎಂದಳು.

ಡಾಕ್ಟರಮ್ಮ ಹೇಳಿದರು:

"ಹೊಟ್ಟೆಯೊಳಗೆ ಮಗು ನೀರಿನಲ್ಲಿ ಇರುತ್ತೆ, ಅಲ್ವಾ? ಆ ನೀರು ಮಗುವಿಗೆ ಪೆಟ್ಟು ತಾಗದ ಹಾಗೆ ಕಾಯುತ್ತೆ. ನಮ್ಮ ಮೆದುಳಿನ ಸುತ್ತ, ಬೆನ್ನುಹುರಿಯ ಸುತ್ತ ಕೂಡ ಹಾಗೇ ನೀರಿದೆ. ಅದು ತಿಳಿಯಾಗಿರುತ್ತೆ. ಮೆದುಳಿನ ಒಳಗೆ ರಕ್ತದಿಂದ ತಯಾರಾಗುತ್ತೆ. ಆಮೇಲೆ ಮತ್ತೆ ರಕ್ತಕ್ಕೇ ಸೇರುತ್ತೆ. ದೊಡ್ಡವರಲ್ಲಿ ಈ ನೀರು ಸುಮಾರು 150 ಮಿಲಿ ಲೀಟರ್ ಇರುತ್ತೆ. ದಿನಕ್ಕೆ ಸುಮಾರು ಅರ್ಧ ಲೀಟರ್ ಹೊಸದಾಗಿ ಊರುತ್ತೆ."

"ಹಾಗಾದ್ರೆ ತೆಗೆದಷ್ಟೂ ತುಂಬಿಕೊಳ್ತದಾ?" ಅತ್ತೆ ಕೇಳಿದರು.

"ಹೌದು ಅಜ್ಜಿ. ನಾವು ತೆಗೆಯೋದು ಒಂದು ಸಣ್ಣ ಚಮಚದಷ್ಟು. ಕೆಲವು ಗಂಟೆಯಲ್ಲಿ ಅದು ತುಂಬಿಕೊಳ್ಳುತ್ತೆ."

"ಕಾಲು?"

"ಬೆನ್ನುಹುರಿ ಸೊಂಟದ ಕೆಳಗಿನ ತನಕ ಬರೋದಿಲ್ಲ. ಮೇಲೆಯೇ ಮುಗಿಯುತ್ತೆ. ಅದರ ಕೆಳಗೆ ಜಡೆಕುಚ್ಚಿನ ಎಳೆಗಳ ಹಾಗೆ ನರಗಳು ನೀರಿನಲ್ಲಿ ತೇಲುತ್ತಿರುತ್ತವೆ. ಹುರಿ ಮುಗಿದ ಮೇಲೆ, ಕೆಳಗಿನ ಮೂಳೆಗಳ ನಡುವೆ ಸೂಜಿ ಹಾಕ್ತೀವಿ. ಹುರಿಗೆ ಸೂಜಿ ತಾಗೋದಿಲ್ಲ. ನಿಮ್ಮೂರಲ್ಲಿ ಯಾರಿಗಾದರೂ ಕಾಲು ಬಿದ್ದಿದ್ದರೆ ರೋಗದಿಂದಲೇ ಬಿದ್ದಿರಬಹುದು. ಜನ ಸೂಜಿಯನ್ನು ಬಯ್ದಿರ್ತಾರೆ."

ಅವ್ವ ಕಾಗದದ ಮೇಲೆ ತನ್ನ ಹೆಸರು ಬರೆದಳು.

ನೀರು ತೆಗೆಯುವುದು ಹೇಗೆ?

ಪುಟ್ಟಿಯನ್ನು ಒಂದು ಮಗ್ಗುಲಿಗೆ ಮಲಗಿಸಿದರು. ಮಂಡಿಯನ್ನು ಹೊಟ್ಟೆಗೆ, ಗಲ್ಲವನ್ನು ಎದೆಗೆ ತಂದರು. ಹೀಗೆ ಬಾಗಿದರೆ ಬೆನ್ನಿನ ಮೂಳೆಗಳ ನಡುವೆ ಜಾಗ ಬಿಡುತ್ತದೆ. ಸಿಸ್ಟರ್ ಮಗುವನ್ನು ಅಲುಗದಂತೆ ಹಿಡಿದುಕೊಂಡರು. ಡಾಕ್ಟರಮ್ಮ ಬೆನ್ನನ್ನು ಔಷಧಿಯಿಂದ ಒರೆಸಿದರು. ನೋವು ತಿಳಿಯದಂತೆ ಮದ್ದು ಕೊಟ್ಟರು. ಆಮೇಲೆ ತೆಳ್ಳಗಿನ ಸೂಜಿ ಹಾಕಿದರು. ನೀರು ಹನಿ ಹನಿಯಾಗಿ ಸಣ್ಣ ಸೀಸೆಗಳಿಗೆ ಬಿತ್ತು. ಎಳೆಯಲಿಲ್ಲ, ಹಿಂಡಲಿಲ್ಲ. ಸೂಜಿ ತೆಗೆದು ಪಟ್ಟಿ ಅಂಟಿಸಿದರು.

ನೀರು ತಿಳಿಯಾಗಿರಲಿಲ್ಲ. ಅಕ್ಕಿ ತೊಳೆದ ನೀರಿನ ಹಾಗೆ ಮಬ್ಬಾಗಿತ್ತು. ಲ್ಯಾಬಿನಲ್ಲಿ ಜೀವಕಣ, ಸಕ್ಕರೆ, ಪ್ರೋಟೀನ್, ರೋಗಾಣು ಎಲ್ಲವನ್ನೂ ನೋಡಿದರು. ಬ್ಯಾಕ್ಟೀರಿಯಾದಿಂದ ಬಂದ ಮೆದುಳು ಜ್ವರ ಎಂದು ಗೊತ್ತಾಯಿತು. ಮೆದುಳು ಜ್ವರ ವೈರಸ್‌ನಿಂದಲೂ ಬರಬಹುದು. ಟಿ.ಬಿ.ಯಿಂದಲೂ ಬರಬಹುದು. ಒಂದೊಂದಕ್ಕೂ ಬೇರೆ ಬೇರೆ ಚಿಕಿತ್ಸೆ. ಅದಕ್ಕೇ ಈ ಪರೀಕ್ಷೆ ಬೇಕು.

ಪುಟ್ಟಿಗೆ ಹತ್ತು ದಿನ ಇಂಜೆಕ್ಷನ್ ಕೊಟ್ಟರು. ಈ ಕಾಯಿಲೆಯಿಂದ ಕಿವಿ ಮಂದವಾಗುವುದುಂಟು. ಅದಕ್ಕೆ ಕಿವಿಯನ್ನೂ ಪರೀಕ್ಷೆ ಮಾಡಿದರು. ಮನೆಗೆ ಹೋಗುವ ದಿನ ಪುಟ್ಟಿ ತನ್ನ ಕಾಲಿನಲ್ಲೇ ನಡೆದಳು. ಮುಂದೆ ಅವಳು, ಹಿಂದೆ ಅಜ್ಜಿ!

ನೆನಪಿಡಿ

* ಜ್ವರದ ಜೊತೆ ಕತ್ತು ಬಿಗಿ, ವಾಂತಿ, ಮಂಪರು, ಫಿಟ್ಸ್ ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಿ. ಎಳೆಗೂಸಿನಲ್ಲಿ ಕತ್ತು ಬಿಗಿಯಾಗದೆ ಇರಬಹುದು. ಹಾಲು ಕುಡಿಯದಿದ್ದರೆ, ನೆತ್ತಿ ಉಬ್ಬಿದರೆ ತಡ ಮಾಡಬೇಡಿ.
* ರಕ್ತ ಬೇಗ ನಿಲ್ಲದ ತೊಂದರೆ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ.
* ತಲೆಯೊಳಗೆ ಒತ್ತಡ ಹೆಚ್ಚಿದೆ ಎಂಬ ಅನುಮಾನ ಬಂದರೆ ಮೊದಲು ಸ್ಕ್ಯಾನ್ ಮಾಡಿಸುತ್ತಾರೆ. ಆಗ ನೀರು ತೆಗೆಯುವುದು ತಡವಾದರೂ ಔಷಧಿ ಶುರು ಮಾಡುತ್ತಾರೆ.
* ನೀರು ತೆಗೆದ ಮೇಲೆ ಕೆಲವರಿಗೆ ಕೆಲವು ದಿನ ತಲೆನೋವು, ಬೆನ್ನುನೋವು ಬರುತ್ತದೆ. ಕೀವು ಆಗುವುದು, ರಕ್ತ ಸೋರುವುದು ಬಹಳ ಅಪರೂಪ. ನೋವು ಹೆಚ್ಚಾದರೆ, ಕಾಲು ಜೋಮು ಹಿಡಿದರೆ ಡಾಕ್ಟರಿಗೆ ತಿಳಿಸಿ.
* ಕೆಲವು ಬಗೆಯ ಮೆದುಳು ಜ್ವರವನ್ನು ಲಸಿಕೆ ತಡೆಯುತ್ತದೆ. ಮಗುವಿಗೆ 6, 10, 14 ವಾರ ತುಂಬಿದಾಗ ಪೆಂಟಾವಲೆಂಟ್ ಲಸಿಕೆ ಹಾಕಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಇದಕ್ಕೆ ದುಡ್ಡಿಲ್ಲ.

ಮಾತಾಡೋಣ, ಬರೆಯೋಣ

1. ಬೆನ್ನಿನ ನೀರು ತೆಗೆದರೆ ಕಾಲು ಬೀಳುತ್ತದೆಯೇ? ನಿಮ್ಮ ಅತ್ತೆಗೆ, ನೆರೆಯವರಿಗೆ ಹೇಗೆ ತಿಳಿಸಿ ಹೇಳುತ್ತೀರಿ?
2. ಸಹಿ ಹಾಕುವ ಮೊದಲು ಪುಟ್ಟಿಯ ಅವ್ವ ಏನು ಮಾಡಿದಳು?
3. ಈ ಪದಗಳನ್ನು ಬರೆಯಿರಿ: ಮೆದುಳು, ಬೆನ್ನುಹುರಿ, ಪರೀಕ್ಷೆ, ಒಪ್ಪಿಗೆ, ಸಹಿ.